ಕರೆಂಟು ಹೋದಾಗಿನ ಮಾವ

ನನಗೆ ಹೆಂಡತಿ ಒಬ್ಬಳೇ. ಮಾವ ಮಾತ್ರ ಇಬ್ಬರು!

ಗಾಬರಿಯಾಗಬೇಡಿ. ಇಬ್ಬರೂ ಒಂದೇ ಬನಿಯನ್ನು ತೊಟ್ಟು, ಒಂದೇ ಕನ್ನಡಕ ಹಾಕಿಕೊಂಡು, ಬನಹಟ್ಟಿಯ ಒಂದೇ ಮನೆಯಲ್ಲಿ ಇದ್ದಾರೆ. ಒಬ್ಬರು ಕರೆಂಟು ಇದ್ದಾಗಿನ ಮಾವ. ಇನ್ನೊಬ್ಬರು ಕರೆಂಟು ಹೋದಾಗಿನ ಮಾವ. ಮೊದಲನೆಯವರು ನನ್ನನ್ನು ಕಂಡ ಕೂಡಲೇ ‘ಬರ್ರಿ ಅಳಿಯಂದ್ರ’ ಎಂದು ಹೆಗಲ ಮೇಲಿನ ಟಾವೆಲ್ಲಿನಿಂದ ಕುರ್ಚಿ ಒರೆಸಿ ಕೂಡಿಸುತ್ತಾರೆ. ಎರಡನೆಯವರು ಅದೇ ಕುರ್ಚಿಯಿಂದ ನನ್ನನ್ನು ಎಬ್ಬಿಸಿ, ‘ಇಳಿಯಲೇ ಕೆಳಗ’ ಎಂದು ನೆಲದ ಮೇಲೆ ಕೂಡಿಸುತ್ತಾರೆ. ಒಬ್ಬರು ಹೋಗಿ ಇನ್ನೊಬ್ಬರು ಬರುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಿಲ್ಲ.

ನಮ್ಮ ಕಡೆ ಅಳಿಯನಿಗೆ ಎಂಥ ಮರ್ಯಾದೆ ಎಂಬುದು ನಿಮಗೆ ಗೊತ್ತೇ ಇದೆ. ಅಳಿಯ ಕೆಮ್ಮಿದರೆ ಮನೆಮಂದಿಯೆಲ್ಲ ನೀರಿನ ತಂಬಿಗೆ ಹಿಡಿದು ಓಡಿ ಬರುತ್ತಾರೆ. ಅಂಥದ್ದರಲ್ಲಿ ನನ್ನ ಗತಿ ಹೀಗೇಕಾಯಿತು? ಅದಕ್ಕೆ ಕಾರಣ ಇಂಗ್ಲಿಷು.

ನಾನು ತಡವಾಗಿ ಸಾಲಿ ಕಲಿತವನು. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿದೆ. ಅದಕ್ಕೂ ಮೊದಲೇ ಜಮಖಂಡಿಯ ಒಂದು ಆಫೀಸಿನಲ್ಲಿ ಜವಾನನಾಗಿ ಸೇರಿ, ಒಟ್ಟು ಇಪ್ಪತ್ತು ವರ್ಷ ಫೈಲು ಹೊತ್ತೆ. ಪಿಯುಸಿ ಪಾಸಾದರೆ ಕಾರಕೂನನ ಹುದ್ದೆ ಕೊಡುತ್ತೇವೆ ಎಂದು ಸಾಹೇಬರು ಹೇಳಿದ್ದರು. ಆದರೆ ನಲವತ್ತೈದು ತುಂಬುವುದರೊಳಗೆ ಪಾಸಾಗಬೇಕು. ಉಳಿದ ವಿಷಯಗಳೆಲ್ಲ ಹೇಗೋ ದಡ ಸೇರಿದ್ದವು. ಇಂಗ್ಲಿಷು ಮಾತ್ರ ಮೂರು ಸಲ ನನ್ನನ್ನು ಹೊರಗೆ ಹಾಕಿತ್ತು. ನನಗಾಗ ನಲವತ್ತನಾಲ್ಕು ವರ್ಷ, ಉಳಿದದ್ದು ಒಂದೇ ಪರೀಕ್ಷೆ. ಅದೂ ಹೋದರೆ ನಿವೃತ್ತಿಯಾಗುವ ತನಕ ಸಾಹೇಬರು ಗಂಟೆ ಬಾರಿಸಿದಾಗ ಏಳುವುದೇ ನನ್ನ ಕೆಲಸ.

ಇಂಗ್ಲಿಷಿನಲ್ಲೂ ನನ್ನನ್ನು ಕಾಡುತ್ತಿದ್ದದ್ದು ಒಂದೇ ಜಾಗ. ಮಾಡುವವನಿಗೆ ಒಂದು ರೂಪ, ಮಾಡಿಸಿಕೊಂಡದ್ದಕ್ಕೆ ಇನ್ನೊಂದು ರೂಪ. ಕನ್ನಡದಲ್ಲಿ ಈ ತಂಟೆಯೇ ಇಲ್ಲ ನೋಡಿ! ತಿಂದ ನಾಯಿ ಅನ್ನುತ್ತೇವೆ, ತಿಂದ ರೊಟ್ಟಿ ಅನ್ನುತ್ತೇವೆ. ಎರಡಕ್ಕೂ ‘ತಿಂದ’ ಸಾಕು. ನಾಯಿ ಯಾವುದು, ರೊಟ್ಟಿ ಯಾವುದು ಎಂಬುದು ಕೇಳಿದವನಿಗೆ ಗೊತ್ತಿಲ್ಲವೇ? ಇಂಗ್ಲಿಷಿನವರಿಗೆ ಆ ನಂಬಿಕೆಯೇ ಇಲ್ಲ. ನಾನು ಮೂರನೇ ಸಲ ನಪಾಸಾದ ವರ್ಷ, ನೇಕಾರನ ಬಗ್ಗೆ ಬರೆಯಲು ಹೇಳಿದ್ದಕ್ಕೆ ‘ವೋವನ್ ಮ್ಯಾನ್’ ಎಂದು ಬರೆದು ಬಂದೆ. ನೇಯ್ದ ಮನುಷ್ಯ ಎಂಬುದು ನನ್ನ ಅರ್ಥ. ಮಗ್ಗದಲ್ಲಿ ನೂಲಿನಿಂದ ನೇಯಿಸಿಕೊಂಡ ಮನುಷ್ಯ ಎಂಬುದು ಅವರ ಅರ್ಥ. ಇದನ್ನು ನಮ್ಮ ಮಾವನವರಿಗೆ ಹೇಳಿದ್ದೇ ನನ್ನ ತಪ್ಪು.

ಮಾವ ಚಿಕ್ಕವರಿದ್ದಾಗ ಜಮಖಂಡಿಗೆ ಬಂದು ಕಾಲೇಜು ಕಲಿತವರು. ಇಂಗ್ಲಿಷಿನಲ್ಲಿ ಇಡೀ ವರ್ಗಕ್ಕೆ ಮೊದಲಿಗರಂತೆ. ಆಮೇಲೆ ನೇಕಾರಿಕೆಗೆ ನಿಂತರು. ಮನೆಯ ಮುಂದಿನ ಖೋಲಿಯಲ್ಲಿ ನಾಲ್ಕು ಪವರ್‌ಲೂಮು. ಅವು ಓಡುತ್ತಿದ್ದರೆ ಪಕ್ಕದಲ್ಲಿ ನಿಂತವನ ಮಾತು ಕೇಳಿಸುವುದಿಲ್ಲ. ಅಲ್ಲಿ ಮಾತು ಎಂದರೆ ತುಟಿ ನೋಡುವುದು, ಕೈಸನ್ನೆ ಮಾಡುವುದು ಅಷ್ಟೇ. ಮತ್ತು ಕರೆಂಟು ಇದ್ದಷ್ಟು ಹೊತ್ತು ಮಾವ ಮಗ್ಗ ನಿಲ್ಲಿಸಿದ್ದನ್ನು ಕಂಡವರೇ ಇಲ್ಲ. ರೊಟ್ಟಿಯನ್ನು ನಿಂತುಕೊಂಡೇ ತಿನ್ನುತ್ತಾರೆ. ನಾನು ಹೆಣ್ಣು ನೋಡಲು ಹೋದ ದಿನವೂ ಕರೆಂಟಿತ್ತು. ಮಾವ ಮಗ್ಗದ ಹಿಂದಿನಿಂದಲೇ ನನ್ನನ್ನು ಒಮ್ಮೆ ನೋಡಿ ತಲೆಯಾಡಿಸಿದರು. ಅದು ನನ್ನನ್ನು ಒಪ್ಪಿದ್ದಕ್ಕೋ, ಎಳೆ ಕಡಿದದ್ದಕ್ಕೋ, ಇವತ್ತಿಗೂ ಗೊತ್ತಿಲ್ಲ. ಮದುವೆಯಂತೂ ಆಯಿತು.

ಆದ್ದರಿಂದ ನನಗೆ ಪಾಠ ನಡೆಯುವುದು ಕರೆಂಟು ಹೋದಾಗ ಮಾತ್ರ ಎಂದು ನಿರ್ಧಾರವಾಯಿತು. ರವಿವಾರ ರವಿವಾರ ಜಮಖಂಡಿಯಿಂದ ಬಸ್ಸು ಹತ್ತಿ ಹೋಗಿ, ಕುರ್ಚಿಯ ಮೇಲೆ ಮರ್ಯಾದೆಯಿಂದ ಕೂತು, ಕರೆಂಟು ಹೋಗುವುದನ್ನೇ ಕಾಯುತ್ತಿದ್ದೆ.

ಮೊದಲ ದಿನದ ಪಾಠ ಇನ್ನೂ ನೆನಪಿದೆ. ನಾಲ್ಕೂ ಮಗ್ಗಗಳು ಒಮ್ಮೆಲೇ ನಿಂತವು. ಮಾವ ಹೊರಳಿ ನೋಡಿದರು. ಆ ಕಣ್ಣುಗಳನ್ನು ನಾನು ಹಿಂದೆ ಕಂಡಿರಲಿಲ್ಲ.

“ಇಳಿಯಲೇ ಕೆಳಗ. ಲಾಳಿ ನೋಡು. ಈಗ ಓಡಾಕತ್ತಿತ್ತು. ಓಡಾವರು ಯಾರು?”

“ಲಾಳೀರಿ.”

“ಅದಕ್ಕ ಐಎನ್‌ಜಿ ಹಚ್ಚು. ಸೀರಿ ನೋಡು. ಅದು ಏನರ ಮಾಡಾಕತ್ತಿತ್ತೇನು?”

“ಇಲ್ರಿ. ಸುಮ್ಮನ ಬಿದ್ದಿತ್ತು.”

“ಹಾಂ! ಮೈಮ್ಯಾಲ ಮಾಡಿಸ್ಕೊಂಡು ಬಿದ್ದಿತ್ತು. ಅದಕ್ಕ ವೋವನ್. ಲಾಳಿ ಓಡತೈತಿ, ಸೀರಿ ನೇಯಿಸ್ಕೋತೈತಿ. ಇಷ್ಟ ಐತಿ ಇದು. ಇಷ್ಟಕ್ಕ ಮೂರ ಸಲ ನಪಾಸ ಆಗ್ಯಾನ, ದಡ್ಡ!”

ಒಳಗೆ ನೂಲು ಸುತ್ತುತ್ತಿದ್ದ ಅತ್ತೆಗೆ ನನ್ನ ಮೇಲೆ ಕನಿಕರ ಬಂತು. ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಬಂದು ಕೇಳಿದರು: “ಮುಂಜಾನಿಂದ ಬೈಸ್ಕೊಂತ ಕುಂತಾರಲ್ಲ, ಅವರಿಗೆ ಇಂಗ್ಲೀಷಿನ್ಯಾಗ ಏನಂತಾರ?”

“ಅಳಿಯ ಅಂತಾರ. ನೀ ಒಳಗ ನಡಿ.”

ಮುಂದಿನ ವಾರ ನಾನೇ ಒಂದು ವಾಕ್ಯ ಕಟ್ಟಿಕೊಂಡು ಹೋದೆ. ‘ವೀವಿಂಗ್ ಅ ಸಾರಿ, ದ ಕರೆಂಟ್ ವೆಂಟ್.’ ಸೀರೆ ನೇಯುತ್ತಿರುವಾಗ ಕರೆಂಟು ಹೋಯಿತು ಎಂದು ನಾನು ಹೇಳಲು ಹೊರಟದ್ದು. ಎಷ್ಟು ಚೆಂದ ಇದೆ! ಮಾವ ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಲೇ, ಸೀರಿ ನೇಯಾಕತ್ತಿದ್ದು ಯಾರು?”

“ನೀವರಿ.”

“ನಾ ಎಲ್ಲಿ ಅದೇನಿ ಇದರಾಗ? ಇಲ್ಲಿ ಕರೆಂಟ ಸೀರಿ ನೇಯಾಕತ್ತೈತಿ. ಕರೆಂಟಿಗೆ ಕೈ ಅದಾವೇನಲೇ?”

ನಿಂತ ಮಗ್ಗಗಳ ಕಡೆ ನೋಡಿ, ಮಾವ ತಾವೇ ಮೆಲ್ಲಗೆ ಅಂದರು: “ಖರೆ ಹೇಳಬೇಕಂದ್ರ, ಅದ ನೇಯತೈತಿ ಬಿಡು.” ಆ ವಾಕ್ಯಕ್ಕೆ ಅರ್ಧ ಮಾರ್ಕು ಸಿಕ್ಕಿತು. ನಾನು ಇಂಗ್ಲಿಷಿನಲ್ಲಿ ಮಾವನ ಕೈಯಿಂದ ಪಡೆದ ಮೊದಲ ಮಾರ್ಕು ಅದೇ.

ಪಾಠದ ಕಷ್ಟ ಹೇಗಾದರೂ ತಡೆಯಬಹುದು. ಪಾಠ ನಿಲ್ಲುವಾಗಿನ ಕಷ್ಟ ಯಾರಿಗೆ ಹೇಳಲಿ? ಮಾವ ಬೈಯುತ್ತಿರುವಾಗಲೇ ಕರೆಂಟು ಬಂದುಬಿಟ್ಟರೆ ಆ ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು. “ನಿನ್ನ ತಲ್ಯಾಗ ಏನ ತುಂಬೈತಲೇ, ಹೊಟ್ಟೋ ಇಲ್ಲಾ...” ಎನ್ನುವಷ್ಟರಲ್ಲಿ ಟ್ಯೂಬ್‌ಲೈಟು ಹತ್ತಿತು ಎನ್ನಿ. “...ಏಳ್ರಿ ಅಳಿಯಂದ್ರ, ಯಾಕ ಕೆಳಗ ಕುಂತೀರಿ, ಅರಿವಿ ಹೊಲಸಾಗ್ತಾವ. ಏ, ಅಳಿಯಂದ್ರಿಗೆ ಚಾ ತಗೊಂಬಾ!” ಆ ಚಹಾ ಕುಡಿಯುವಾಗೆಲ್ಲ ನನಗೆ ಒಂದೇ ಯೋಚನೆ. ಹೊಟ್ಟು, ಇಲ್ಲಾ ಏನು?

ಮನೆಗೆ ಬಂದರೆ ಹೆಂಡತಿ ನನ್ನ ಮೋರೆ ನೋಡಿಯೇ ಕೇಳುತ್ತಿದ್ದಳು: “ಇವತ್ತ ಎಷ್ಟ ತಾಸ ಹೋಗಿತ್ರಿ ಕರೆಂಟ?”

ಇದೆಲ್ಲ ಮನೆಯೊಳಗೆ ಇದ್ದಷ್ಟು ದಿನ ಪರವಾಗಿರಲಿಲ್ಲ. ಗಲಗಲಿಯಲ್ಲಿ ಮಾವನ ಕಡೆಯವರದೊಂದು ಮದುವೆ ಬಂತು. ಊಟದ ಪಂಕ್ತಿಯಲ್ಲಿ ಮಾವನ ಪಕ್ಕದಲ್ಲೇ ನನಗೆ ಎಲೆ. “ಅಳಿಯಂದ್ರಿಗೆ ತುಪ್ಪ ಹಾಕ್ರಿ, ಅಳಿಯಂದ್ರಿಗೆ ಹೋಳಿಗಿ ನೀಡ್ರಿ” ಎಂದು ಮಾವ ಬಡಿಸುವವರನ್ನು ಓಡಾಡಿಸುತ್ತಿದ್ದರು. ನನ್ನ ಎಲೆಯ ಮೇಲೆ ಹೋಳಿಗೆ ಬಿದ್ದ ಗಳಿಗೆಗೆ ಸರಿಯಾಗಿ ಫ್ಯಾನು ನಿಂತವು, ಮೈಕು ನಿಂತಿತು.

“ಎದ್ದ ನಿಲ್ಲಲೇ. ಬ್ರೇಕ್, ಮೂರೂ ರೂಪ ಹೇಳು!”

ಅದು ಮಗ್ಗದ ಖೋಲಿಯಲ್ಲಿ ಬೆಳೆದ ದನಿ. ಇಡೀ ಪಂಕ್ತಿ ತಿನ್ನುವುದನ್ನು ನಿಲ್ಲಿಸಿತು. ನಾನು ಕೈಯಲ್ಲಿ ಹೋಳಿಗೆ ಹಿಡಿದು ಎದ್ದು ನಿಂತು, ಬ್ರೇಕ್, ಬ್ರೋಕ್, ಬ್ರೋಕನ್ ಎಂದೆ. ಎದುರು ಸಾಲಿನ ಹಿರಿಯರೊಬ್ಬರು ಪಕ್ಕದವರನ್ನು ಕೇಳಿದರು: “ಪಾಪ, ಏನ ತಪ್ಪ ಮಾಡ್ಯಾನ್ರಿ ಅಳಿಯ?”

“ಪಿಯುಸಿ ಅಂತ್ರಿ.”

“ಹೆಣ್ಣ ಕೊಡೂ ಮೊದಲ ಕೇಳಬೇಕಿತ್ತು ಬಿಡ್ರಿ.”

ಜನರೇಟರು ಚಾಲೂ ಆಯಿತು. “ಕೂಡ್ರಿ ಅಳಿಯಂದ್ರ, ಯಾಕ ನಿಂತ್ರಿ? ಇನ್ನೊಂದ ಹೋಳಿಗಿ ಹಾಕಿಸ್ಕೋರಿ” ಎಂದರು ಮಾವ. ನಾನು ಹಾಕಿಸಿಕೊಂಡೆ. ಹಾಕಿಸಿಕೊಳ್ಳುವುದಷ್ಟೇ ಆಗ ನನ್ನ ಕೈಯಲ್ಲಿತ್ತು.

ಪರೀಕ್ಷೆಗೆ ಎರಡು ತಿಂಗಳು ಉಳಿದಾಗ ರವಿವಾರದ ಪಾಠ ಸಾಲದೆಂದು ಮಾವ ಫೋನು ಹಿಡಿದರು. ಬನಹಟ್ಟಿಯಲ್ಲಿ ಕರೆಂಟು ಹೋದ ಕೂಡಲೇ ಜಮಖಂಡಿಯಲ್ಲಿ ನನ್ನ ಕಿಸೆ ಬಡಿದುಕೊಳ್ಳುತ್ತಿತ್ತು. ನಮಸ್ಕಾರ ಇಲ್ಲ, ಕ್ಷೇಮಸಮಾಚಾರ ಇಲ್ಲ. “ಹೋತು! ಹೇಳಲೇ!” ಎಂದೇ ಶುರು. ಆ ದನಿಗೆ ಸ್ಪೀಕರು ಬೇಕಾಗಿರಲಿಲ್ಲ, ನಮ್ಮ ಆಫೀಸಿನ ಐದೂ ಟೇಬಲ್ಲಿಗೆ ತಾನೇ ಮುಟ್ಟುತ್ತಿತ್ತು. ಹದಿನೈದು ದಿನದಲ್ಲಿ ಕಾರಕೂನರೆಲ್ಲ ಕಲಿತುಬಿಟ್ಟರು. ಸಾಹೇಬರು ಒಂದು ದಿನ ಫೈಲಿಗೆ ಸಹಿ ಹಾಕುತ್ತ ತಮ್ಮಷ್ಟಕ್ಕೆ ತಾವೇ, “ಸೈನ್ಡ್ ಬೈ ಮೀ, ದ ಫೈಲ್...” ಎಂದು ಗೊಣಗುತ್ತಿದ್ದರು. ಕಲಿಯದೆ ಉಳಿದವನು ನಾನೊಬ್ಬನೇ! ಫೋನಿನಲ್ಲಿ ಕೈಸನ್ನೆ ಕಾಣುವುದಿಲ್ಲವಲ್ಲ, ಏನು ಮಾಡಲಿ?

ಕೈಸನ್ನೆಯ ವಿಷಯ ಹೇಳಲೇಬೇಕು. ಮಗ್ಗ ಓಡುವಾಗಲೂ ನಾನು ಕುರ್ಚಿಯಲ್ಲಿ ಓದುತ್ತ ಬರೆಯುತ್ತ ಕೂತಿರುತ್ತಿದ್ದೆ. ತಪ್ಪು ಬರೆದರೆ ಮಾವ ಎರಡು ಮಗ್ಗಗಳ ಸಂದಿಯಿಂದಲೇ ಸನ್ನೆ ಮಾಡುತ್ತಿದ್ದರು. ಹೆಬ್ಬೆರಳನ್ನು ಎದೆಗೆ ಚುಚ್ಚಿಕೊಂಡರೆ ಮಾಡುವವನು. ಅಂಗೈಯನ್ನು ಕೆನ್ನೆಯ ಮೇಲೆ ತಟ್ಟಿಕೊಂಡರೆ ಮಾಡಿಸಿಕೊಂಡವನು, ಅಂದರೆ ಏಟು ತಿಂದವನು. ಸನ್ನೆಯಲ್ಲಿ ‘ಲೇ’ ಇರುವುದಿಲ್ಲವಾದ್ದರಿಂದ ಮರ್ಯಾದೆಗೂ ಭಂಗವಿಲ್ಲ. ನನಗೆ ಅದೇ ಚೆನ್ನಾಗಿ ಹಿಡಿಸುತ್ತಿತ್ತು. ಆದರೆ ಸನ್ನೆ ತಪ್ಪನ್ನು ತೋರಿಸುತ್ತಿತ್ತು ಅಷ್ಟೇ, ಯಾಕೆ ತಪ್ಪು ಎಂಬುದು ತಲೆಗೆ ಹೋಗಲು ಬೈಗುಳವೇ ಬೇಕಿತ್ತು.

ಹೀಗಿರುವಾಗ ಊರಿಗೆಲ್ಲ ಒಳ್ಳೆಯದಾಯಿತು, ನನಗೆ ಕೆಟ್ಟದಾಯಿತು. ಹಳೆಯ ತಂತಿ ತೆಗೆದು ಹೊಸದು ಎಳೆದರು. ಕರೆಂಟು ಹೋಗುವುದೇ ನಿಂತಿತು! ನೇಕಾರರ ಓಣಿಗಳಲ್ಲಿ ಬೆಳಗಿನಿಂದ ಖಟಾಖಟ್ ಸದ್ದು. ಎಲ್ಲರ ಮುಖದಲ್ಲೂ ಕಳೆ. ಪರೀಕ್ಷೆಗೆ ಮೂರು ವಾರ ಇತ್ತು, ಸತತ ಎರಡು ರವಿವಾರ ನಾನು ಕುರ್ಚಿಯ ಮೇಲೆ ಕೂತು, ಚಹಾ ಕುಡಿದು, ಮರ್ಯಾದೆ ಮಾಡಿಸಿಕೊಂಡು ವಾಪಸು ಬಂದೆ. ಬೈಸಿಕೊಳ್ಳದೆ ಹೊಟ್ಟೆ ತುಂಬಲಿಲ್ಲ.

ಕೊನೆಗೆ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಪರಿಚಯದ ಲೈನ್‌ಮನ್ನನ್ನು ಹಿಡಿದೆ.

“ಏನಪಾ, ಈಗೀಗ ಕರೆಂಟ ಹೋಗೂದ ಇಲ್ಲಲ್ಲ?”

ಅವನು ಉಬ್ಬಿಹೋದ. “ಹೌದಲ್ರಿ! ಮಂದಿ ಭಾಳ ಖುಷಿ ಅದಾರ.”

“ರವಿವಾರ ಒಂದ ತಾಸ ತೆಗೀಯಾಕ ಬರತೈತೇನು?”

“ಎಲ್ಲೀದ್ರಿ?”

“ನಮ್ಮ ಮಾವನ ಮನೀದು.”

ಅವನು ಚಹಾ ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈ ಹಾಕಿದ. “ಏನ ಜಗಳ ಆಗೈತ್ರಿ ನಿಮಗ ಅವರಿಗೆ? ಹಿರ್ಯಾರದಾರ, ಕೂತು ಮಾತಾಡ್ರಿ.”

ಪರೀಕ್ಷೆ ಬುಧವಾರ. ಅದರ ಹಿಂದಿನ ರವಿವಾರ ಕಡೆಯದೆಂದು ಹೋದೆ. ಕರೆಂಟು ಭರ್ತಿ ಇತ್ತು. “ಬರ್ರಿ ಅಳಿಯಂದ್ರ” ಎಂದು ಮಾವ ಕುರ್ಚಿ ಒರೆಸಿ ಮಗ್ಗಗಳ ನಡುವೆ ಸೇರಿದರು. ನಾನು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೊಡೆಯ ಮೇಲಿಟ್ಟು ಬರೆಯತೊಡಗಿದೆ. ಹತ್ತು ಖಾಲಿ ಜಾಗ ತುಂಬಬೇಕಿತ್ತು. ಮಾವ ಎಳೆ ಕೂಡಿಸಲು ಅತ್ತಿತ್ತ ಓಡಾಡುವಾಗ ನನ್ನ ಹಿಂದೆ ಒಮ್ಮೆ ನಿಂತರು. ನೋಡಿದರು. ಹತ್ತರಲ್ಲಿ ಏಳು ತಪ್ಪು ಎಂದು ಆಮೇಲೆ ತಿಳಿಯಿತು.

ಅವರು ಏನೂ ಸನ್ನೆ ಮಾಡಲಿಲ್ಲ. ಗೋಡೆಯ ಹತ್ತಿರ ಹೋದರು. ಮೇನ್ ಸ್ವಿಚ್ಚಿನ ಹಿಡಿಕೆ ಕೆಳಕ್ಕೆ ಎಳೆದರು. ನಾಲ್ಕೂ ಮಗ್ಗ ನಿಂತವು.

ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. “ಹೋತೇನ್ರಿ?”

“ಹೋತು.”

ಅತ್ತೆ ತಲೆ ಎತ್ತಿದರು. ಮಗ್ಗದ ಲೈನು ಬೇರೆ, ಮನೆಯ ಲೈನು ಬೇರೆ. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಅವರು ಫ್ಯಾನು ನೋಡಿದರು, ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ಒಳಗೆ ಹೋಗಿ ಇನ್ನೊಂದು ರೊಟ್ಟಿಗೆ ಹಿಟ್ಟು ನಾದತೊಡಗಿದರು.

ಆದರೆ ಓಣಿ ಸುಮ್ಮನಿರಬೇಕಲ್ಲ! ಮಾವನ ಮಗ್ಗ ನಿಂತಿದೆ ಎಂದರೆ ಅದು ಸಣ್ಣ ಸುದ್ದಿಯೇ? ಪಕ್ಕದ ಮನೆಯವರು ಬಾಗಿಲಿಗೆ ಬಂದು ಕೇಳಿದರು: “ನಿಮ್ಮಲ್ಲಿ ಹೋಗೈತೇನ್ರಿ? ನಮ್ಮಲ್ಲಿ ಐತಲ್ಲ?”

“ನಮ್ಮಲ್ಲಿ ಅಷ್ಟ ಹೋಗೈತಿ” ಎಂದರು ಮಾವ, ತಿರುಗುವ ಫ್ಯಾನಿನ ಕೆಳಗೆ ನಿಂತು, ಮುಖ ಒಂಚೂರೂ ಅಲುಗಿಸದೆ.

ಪಾಠ ಶುರುವಾಯಿತು. ಆಗ ಯಾರೂ ಎಣಿಸದ ತೊಂದರೆ ಬಂತು. ಕರೆಂಟು ಖರೆ ಹೋಗಿರಲಿಲ್ಲವಲ್ಲ, ಮಾವನಿಗೆ ‘ಲೇ’ ಬರಲೊಲ್ಲದು! “ಇದು ತಪ್ಪಾತ್ರಿ ಅಳಿಯಂದ್ರ” ಎಂದರು. “ಸ್ವಲ್ಪ ವಿಚಾರ ಮಾಡ್ರಲ್ಲ” ಎಂದರು. ನಾನು ಕುರ್ಚಿಯಿಂದ ನಾನಾಗಿಯೇ ನೆಲಕ್ಕಿಳಿದೆ. ಆದರೂ ಬರಲಿಲ್ಲ. ಅವರು ಮರ್ಯಾದೆ ಕೊಟ್ಟಷ್ಟೂ ನನ್ನ ತಲೆಗೆ ಏನೂ ಹೋಗದು. ಅರ್ಧ ತಾಸು ಹೀಗೇ ಕಳೆಯಿತು. ಕಡೆಗೆ ನಾನು ಕೈಮುಗಿದೆ.

“ಮಾವಾರ, ನನಗ ಹಿಂಗ ತಿಳಿಯೂದಿಲ್ರಿ. ಬೈರಿ.”

“ಹೆಂಗ ಬೈಲಿ? ಕರೆಂಟ ಐತಲ್ರಿ.”

ನಾನು ಎದ್ದು ಹೋಗಿ ಫ್ಯಾನು ಆರಿಸಿದೆ. ಬಂದು ಕೂತೆ. ಮಾವ ನಿಂತ ರೆಕ್ಕೆಗಳನ್ನು ನೋಡಿ ಒಂದು ಉಸಿರು ಬಿಟ್ಟರು.

“ಲೇ ದಡ್ಡ! ಒಡದ ಕೊಡ ಕೈ ಬೀಸಿ ಏನರ ಒಡದೈತೇನು? ತಾನ ಒಡಿಸ್ಕೊಂಡೈತಿ, ಅದಕ್ಕ ಬ್ರೋಕನ್!”

ಆ ದಿನ ಹೊತ್ತು ಮುಳುಗುವವರೆಗೆ ಬೈಸಿಕೊಂಡೆ. ಸೆಕೆಗೆ ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. ಹೊರಡುವಾಗ ಹತ್ತಕ್ಕೆ ಒಂಬತ್ತು ಸರಿ ಬರುತ್ತಿದ್ದವು.

ಬುಧವಾರ ಪರೀಕ್ಷೆಯ ಕೋಣೆಯಲ್ಲಿ ಆ ಹತ್ತು ಖಾಲಿ ಜಾಗ ಬಂದಾಗ ನಾನು ಒಮ್ಮೆ ಹೆಬ್ಬೆರಳು ಎದೆಗೆ ಚುಚ್ಚಿಕೊಳ್ಳುತ್ತ, ಒಮ್ಮೆ ಕೆನ್ನೆ ತಟ್ಟಿಕೊಳ್ಳುತ್ತ ಬರೆದೆ. ಮೇಲ್ವಿಚಾರಕಿ ಮೇಡಂ ದೂರದಿಂದ ನೋಡಿ ಬಂದರು.

“ಯಾರಿಗೆ ಸನ್ನಿ ಮಾಡಾಕತ್ತೀರಿ?”

“ನನಗ ರೀ.”

ಅವರು ನನ್ನ ನರೆತ ತಲೆ ನೋಡಿ ಮುಂದೆ ಹೋದರು.

ಪಾಸಾದೆನೇ ಎಂದು ಕೇಳುತ್ತೀರಿ. ಪಾಸಾದೆ. ಈಗ ಕಾರಕೂನನ ಕುರ್ಚಿಯ ಮೇಲೆ ಕೂತು, ಊಟದ ಬಿಡುವಿನಲ್ಲಿ, ಒಂದೊಂದೇ ಬೆರಳಿನಿಂದ ಇದನ್ನು ಟೈಪು ಮಾಡುತ್ತಿದ್ದೇನೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ಬುಧವಾರದ ಮಧ್ಯಾಹ್ನ ಒಂದು ಉಳಿದಿದೆ.

ಪರೀಕ್ಷೆ ಮುಗಿಸಿ ಹೊರಗೆ ಬಂದರೆ, ಕಾಲೇಜಿನ ಗೇಟಿನೊಳಗೆ ಬೇವಿನ ಗಿಡದ ಕಟ್ಟೆಯ ಮೇಲೆ ಮಾವ ಕೂತಿದ್ದರು. ಮದುವೆಗೆ ಹೋಗುವ ಧೋತರ, ಇಸ್ತ್ರಿಯ ಅಂಗಿ. ನಾನು ಗಾಬರಿಯಾಗಿ, “ಕರೆಂಟ ಹೋಗೈತೇನ್ರಿ?” ಎಂದೆ. “ಇಲ್ಲ, ಐತಿ” ಎಂದರು. ಹೇಗೆ ಬರೆದೆ ಎಂದು ಕೇಳಲಿಲ್ಲ. ಕೈ ಚಾಚಿದರು.

“ಪೇಪರ್ ತರ್ರಿ.”

ಕೊಟ್ಟೆ. ನನ್ನ ತಪ್ಪು ಹುಡುಕುತ್ತಾರೆಂದು ಕಾದು ನಿಂತೆ. ಅವರು ಕಿಸೆಯಿಂದ ಪೆನ್ಸಿಲ್ಲು ತೆಗೆದು ಮೊದಲನೆಯ ಪ್ರಶ್ನೆಯಿಂದ ಬರೆಯತೊಡಗಿದರು. ಸಾಲುಗಳ ನಡುವೆ, ಅಂಚಿನಲ್ಲಿ, ಸಣ್ಣ ಸಣ್ಣ ಅಕ್ಷರದಲ್ಲಿ. ಒಂದು ಪುಟವಾಯಿತು, ತಿರುವಿದರು. ಹುಡುಗರೆಲ್ಲ ಸೈಕಲ್ಲು, ಬೈಕು ಹತ್ತಿ ಹೋದರು. ಅಂಗಳ ಖಾಲಿಯಾಯಿತು. ಮಾವ ತಲೆ ಎತ್ತಲಿಲ್ಲ. ನಾನು ಹಣಿಕಿ ನೋಡಿದೆ. ಪತ್ರಿಕೆಯ ಮೇಲ್ಗಡೆ ನೋಂದಣಿ ಸಂಖ್ಯೆ ಬರೆಯುವ ಚೌಕಗಳನ್ನು ನಾನು ಖಾಲಿ ಬಿಟ್ಟಿದ್ದೆ. ಅವು ತುಂಬಿದ್ದವು. ಆ ನಂಬರು ನನ್ನದಾಗಿರಲಿಲ್ಲ.

“ಮಾವಾರ, ಇದು ಯಾರ ನಂಬರ್ರಿ?”

“ನಂದು. ಆವಾಗ ಹಾಲ್ ಟಿಕೆಟ್ ಬಂದಿತ್ತು. ಇಂಗ್ಲೀಷ್ ಪೇಪರಿನ ದಿನಾ ಮುಂಜಾನಿ ಬಸ್ಸಿಗೆ ಹೊಂಟಿದ್ದೆ. ಅಪ್ಪ ಬಾಗಲದಾಗ ನಿಂತ, ಹೋಗಬ್ಯಾಡ ಅಂದ.”

“ಯಾಕ್ರಿ?”

“ಕರೆಂಟ ಇತ್ತು.”

ಅದರಲ್ಲಿ ‘ರೀ’ಯೂ ಇರಲಿಲ್ಲ, ‘ಲೇ’ಯೂ ಇರಲಿಲ್ಲ. ನನಗೆ ಹೇಳಿದ್ದೋ, ಪೇಪರಿಗೆ ಹೇಳಿದ್ದೋ ತಿಳಿಯಲಿಲ್ಲ. ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿಕೊಂಡು ಅವರು ಮುಂದಿನ ಪ್ರಶ್ನೆಗೆ ಹೋದರು.

ಕೀಲಿಕೈ ಗೊಂಚಲು ಹಿಡಿದುಕೊಂಡು ಕಾಲೇಜಿನ ಜವಾನ ಗೇಟು ಹಾಕಲು ಬಂದ. “ನಡೀರಿ ನಡೀರಿ. ಎಲ್ಲಾರೂ ಹೋದ್ರು, ಪರೀಕ್ಷಾ ಮುಗದ ತಾಸಾತು.”

“ಸ್ವಲ್ಪ ತಡೀರಿ” ಎಂದೆ. “ಇನ್ನೂ ಒಬ್ರು ಬರಿಯಾಕತ್ತಾರ.”